ಮಕ್ಕಳು ಬಿಡಿ ಬಿಡಿ, ಮೇಷ್ಟ್ರು ಇಡಿ ಇಡಿ: ನ್ಯೂಯಾರ್ಕ್ ಸರ್ಕಾರಿ ಶಾಲೆಗಳ ಕ್ಲಾಸ್ ಲೆಕ್ಕ

ಒಂದು ಶಾಲೆಯ ಮೂರನೇ ಕ್ಲಾಸಿನಲ್ಲಿ 64 ಮಕ್ಕಳಿದ್ದಾರೆ ಅಂದುಕೊಳ್ಳಿ. ಒಂದು ಕೋಣೆಯಲ್ಲಿ 32 ಮಕ್ಕಳವರೆಗೂ ಕೂರಿಸಬಹುದು ಅನ್ನುವ ನಿಯಮವಿದ್ದರೆ ಎರಡು ಕೋಣೆ, ಇಬ್ಬರು ಟೀಚರ್ ಸಾಕು. ಈಗ ನಿಯಮ ಬದಲಾಯಿತು. ಕೋಣೆಗೆ 20 ಮಕ್ಕಳು ಮಾತ್ರ. ಮೂರು ಕೋಣೆಗಳಲ್ಲಿ 60 ಮಕ್ಕಳು ಹಿಡಿಯುತ್ತಾರೆ. ಉಳಿದ ನಾಲ್ವರು? ಅವರಿಗಾಗಿ ನಾಲ್ಕನೇ ಕೋಣೆ, ನಾಲ್ಕನೇ ಟೀಚರ್ ಬೇಕು. ಶಾಲೆಗೆ ಒಂದು ಮಗುವೂ ಹೊಸದಾಗಿ ಸೇರಲಿಲ್ಲ. ಸಂಬಳದ ಖರ್ಚು ಮಾತ್ರ ಎರಡು ಪಟ್ಟಾಯಿತು.

ಈ ಸಣ್ಣ ಲೆಕ್ಕವನ್ನೇ ಸುಮಾರು 1,600 ಶಾಲೆ, 9 ಲಕ್ಷದಷ್ಟು ಮಕ್ಕಳಿರುವ ಊರಿಗೆ ಹಾಕಿ ನೋಡಿ. ಕೋಣೆಗೆ ಇಷ್ಟೇ ಮಕ್ಕಳು ಅಂತ 2022ರಲ್ಲಿ ಕಾನೂನು ಬಂದ ಮೇಲೆ ನ್ಯೂಯಾರ್ಕ್ ನಗರ ಒದ್ದಾಡುತ್ತಿರುವುದು ಇದರ ಜೊತೆಗೇ. ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ, ಹೋಗುತ್ತಾರೆ. ಶಾಲೆಗೆ ದುಡ್ಡು ಬರುವುದೂ ಬಹುಪಾಲು ತಲೆಲೆಕ್ಕದಲ್ಲೇ. ಆದರೆ ಕಾಲು ಭಾಗ ಮೇಷ್ಟ್ರು, ಅರ್ಧ ಕೋಣೆ ಅಂತ ಎಲ್ಲೂ ಸಿಗುವುದಿಲ್ಲ. ಅವು ಬಂದರೆ ಇಡಿಯಾಗಿ ಬರಬೇಕು. ಅಲ್ಲಿನ ಜಗಳದ ಮುಕ್ಕಾಲು ಪಾಲು ಹುಟ್ಟುವುದು ಈ ಹೊಂದಾಣಿಕೆಯಾಗದ ಜಾಗದಲ್ಲೇ ಅಂತ ನನಗನ್ನಿಸುತ್ತದೆ.

ಇದೇನೂ ಹೊಸ ತಲೆನೋವಲ್ಲ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್, ಒಬ್ಬ ಗುರುವಿಗೆ 25 ಮಕ್ಕಳು, ಅದಕ್ಕಿಂತ ಜಾಸ್ತಿಯಾದರೆ ಒಬ್ಬ ಸಹಾಯಕ, 40 ದಾಟಿದರೆ ಇಬ್ಬರು ಗುರುಗಳು ಅಂತ ಬರೆದಿಟ್ಟಿದ್ದ. ಇಸ್ರೇಲಿನ ಶಾಲೆಗಳು ಈ 40ರ ಮಿತಿಯನ್ನು ಇಟ್ಟುಕೊಂಡವು. ಅಂದರೆ 40 ಮಕ್ಕಳಿದ್ದರೆ ಒಂದೇ ಕ್ಲಾಸು. 41ನೆಯ ಮಗು ಬಂದ ಕೂಡಲೇ ಇಪ್ಪತ್ತು ಚಿಲ್ಲರೆ ಮಕ್ಕಳ ಎರಡು ಕ್ಲಾಸು. ಜೋಶುವಾ ಆಂಗ್ರಿಸ್ಟ್ ಮತ್ತು ವಿಕ್ಟರ್ ಲಾವಿ ಎಂಬ ಅರ್ಥಶಾಸ್ತ್ರಜ್ಞರು ಈ ಜಿಗಿತವನ್ನೇ ಹಿಡಿದು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚಿಕ್ಕ ಕ್ಲಾಸಿನಲ್ಲಿ ಕೂತ ನಾಲ್ಕನೇ, ಐದನೇ ತರಗತಿಯ ಮಕ್ಕಳ ಅಂಕ ಹೆಚ್ಚಿತ್ತು. ಆಂಗ್ರಿಸ್ಟ್‌ಗೆ 2021ರಲ್ಲಿ ನೊಬೆಲ್ ಬಂತು. ಅದು ಬೇರೆ ವಿಷಯ, ಬಿಡಿ.

ನ್ಯೂಯಾರ್ಕಿನ ಕಾನೂನು ಏನು ಹೇಳುತ್ತದೆ? 2022ರ ಜೂನ್‌ನಲ್ಲಿ ರಾಜ್ಯದ ಶಾಸನಸಭೆ ಅದನ್ನು ಪಾಸು ಮಾಡಿತು. ಸೆಪ್ಟೆಂಬರ್‌ನಲ್ಲಿ ಗವರ್ನರ್ ಕ್ಯಾಥಿ ಹೋಕುಲ್ ಸಹಿ ಹಾಕಿದರು. ಕಿಂಡರ್‌ಗಾರ್ಟನ್‌ನಿಂದ ಮೂರನೇ ಕ್ಲಾಸಿನವರೆಗೆ ಕೋಣೆಗೆ 20 ಮಕ್ಕಳು, ನಾಲ್ಕರಿಂದ ಎಂಟರವರೆಗೆ 23, ಹೈಸ್ಕೂಲಿನಲ್ಲಿ 25. ಆಟದ ಪೀರಿಯಡ್ಡು, ಸಂಗೀತದ ತಂಡಗಳಿಗೆ 40. ಅದಕ್ಕೂ ಮುಂಚೆ ಮಿತಿಯೇ ಇರಲಿಲ್ಲ ಅಂತಲ್ಲ. ಶಿಕ್ಷಕರ ಸಂಘದ ಜೊತೆ ನಗರ ಮಾಡಿಕೊಂಡ ಒಪ್ಪಂದದಲ್ಲಿ ಒಂದರಿಂದ ಆರನೇ ಕ್ಲಾಸಿಗೆ 32, ಹೈಸ್ಕೂಲಿಗೆ 34 ಅಂತ ಇತ್ತು. ಹೊಸ ಮಿತಿ ಒಂದೇ ಸಲಕ್ಕೆ ಬರಲಿಲ್ಲ. 2023-24ರಲ್ಲಿ ನೂರಕ್ಕೆ 20 ಕ್ಲಾಸುಗಳು ಅದರೊಳಗೆ ಇರಬೇಕು, ಆಮೇಲೆ ವರ್ಷಕ್ಕೆ ಇಪ್ಪತ್ತಿಪ್ಪತ್ತು ಸೇರಿ 2027-28ರ ಹೊತ್ತಿಗೆ ಎಲ್ಲ ಕ್ಲಾಸುಗಳೂ. 2022ರಲ್ಲಿ ಬರೆದ ಮೆಟ್ಟಿಲುಗಳು ಇವು.

ಈ ಕಾನೂನು ಇಡೀ ರಾಜ್ಯಕ್ಕಲ್ಲ, ನ್ಯೂಯಾರ್ಕ್ ನಗರಕ್ಕೆ ಮಾತ್ರ. ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಕೂತವರು ಮಿತಿ ಹಾಕಿದರು, ಪಾಲಿಸಬೇಕಾದವರು ನಗರದವರು. ಹಾಗಾದರೆ ದುಡ್ಡು ಯಾರದು? ಕಾನೂನಿನ ಜೊತೆ ಇದಕ್ಕೇ ಅಂತ ಪ್ರತ್ಯೇಕ ಥೈಲಿಯೇನೂ ಬರಲಿಲ್ಲ. ಆಗ ಮೇಯರ್ ಆಗಿದ್ದ ಎರಿಕ್ ಆಡಮ್ಸ್ ಮತ್ತು ಶಾಲೆಗಳ ಮುಖ್ಯಸ್ಥ ಡೇವಿಡ್ ಬ್ಯಾಂಕ್ಸ್ ತಕರಾರು ತೆಗೆದದ್ದು ಇದಕ್ಕೇ. ಹೇಳುವವರು ಒಬ್ಬರು, ಕೊಡುವವರು ಇನ್ನೊಬ್ಬರು ಅಂದರೆ ಹೇಗೆ ಅಂತ. ರಾಜ್ಯದವರ ಉತ್ತರ: ಆ ದುಡ್ಡು ಆಗಲೇ ಕೊಡಲು ಶುರು ಮಾಡಿದ್ದೇವಲ್ಲ!

ಈ ಉತ್ತರ ಅರ್ಥವಾಗಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

1993ರಲ್ಲಿ ಕೆಲವು ಪೋಷಕರು ಸೇರಿ ನ್ಯೂಯಾರ್ಕ್ ರಾಜ್ಯದ ಮೇಲೆ ಕೇಸು ಹಾಕಿದರು. ಮುಂದೆ ನಿಂತವರು ರಾಬರ್ಟ್ ಜಾಕ್ಸನ್, ಮ್ಯಾನ್‌ಹಟನ್ನಿನ ಉತ್ತರ ತುದಿಯ ಒಂದು ಶಾಲಾ ಮಂಡಳಿಯ ಅಧ್ಯಕ್ಷರು. ವಕೀಲರು ಮೈಕೆಲ್ ರೆಬೆಲ್. ರಾಜ್ಯದ ಸಂವಿಧಾನ ಪ್ರತಿ ಮಗುವಿಗೂ ಒಂದು ಮಟ್ಟದ ಶಿಕ್ಷಣ ಕೊಡಬೇಕು ಅನ್ನುತ್ತದೆ, ನಗರದ ಮಕ್ಕಳಿಗೆ ಅದು ಸಿಗುತ್ತಿಲ್ಲ, ಕಾರಣ ರಾಜ್ಯ ದುಡ್ಡು ಹಂಚುವ ರೀತಿ. ವಾದ ಇಷ್ಟೇ. ಹಾಗಾದರೆ ಆ 'ಒಂದು ಮಟ್ಟ' ಅಂದರೆ ಯಾವ ಮಟ್ಟ? ಇದರ ಮೇಲೆಯೇ ವರ್ಷಗಟ್ಟಲೆ ಗುದ್ದಾಟ ನಡೆಯಿತು. 2001ರಲ್ಲಿ ನ್ಯಾಯಮೂರ್ತಿ ಲೀಲ್ಯಾಂಡ್ ಡಿಗ್ರಾಸ್ ಪೋಷಕರ ಪರ ತೀರ್ಪು ಕೊಟ್ಟರು. ಕೋರ್ಟಿನಲ್ಲಿ ಜ್ಯೂರಿಯಾಗಿ ಕೂತು ಒಂದು ಕೇಸನ್ನು ಅರ್ಥ ಮಾಡಿಕೊಳ್ಳುವಷ್ಟಾದರೂ ಓದು ಬೇಕು ಅನ್ನುವುದು ಅವರ ಅಳತೆ. ಮರುವರ್ಷ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿ, ಎಂಟು-ಒಂಬತ್ತನೇ ಕ್ಲಾಸಿನ ಮಟ್ಟದ ಓದು ಸಾಕು ಅನ್ನುವ ಅರ್ಥದ ಮಾತು ಹೇಳಿತು. ಜನ ಕೆರಳಿದರು. 2003ರಲ್ಲಿ ರಾಜ್ಯದ ಅತ್ಯುನ್ನತ ಕೋರ್ಟು ಮತ್ತೆ ಪೋಷಕರ ಪರ ನಿಂತಿತು. ಆ ಕೋರ್ಟಿರುವುದು ಆಲ್ಬನಿಯಲ್ಲಿ. ವಿಷಯ ಜನರ ಗಮನಕ್ಕೆ ಬರಲಿ ಅಂತ ಜಾಕ್ಸನ್ ನ್ಯೂಯಾರ್ಕಿನಿಂದ ಅಲ್ಲಿಗೆ 240 ಕಿಲೋಮೀಟರ್ ನಡೆದುಕೊಂಡೇ ಹೋದರು. ಪಾದಯಾತ್ರೆ ನಮಗೇನು ಹೊಸದಲ್ಲ, ಆದರೆ ಅಮೆರಿಕದಲ್ಲಿ ಕೋರ್ಟಿಗೆ ನಡೆದು ಹೋದದ್ದು ಸುದ್ದಿಯಾಯಿತು.

ಈ ತೀರ್ಪಿನಲ್ಲಿ ಕಿಕ್ಕಿರಿದ ಕ್ಲಾಸುಗಳ ವಿಷಯ ಸುಮ್ನೆ ಬಂದು ಹೋದ ಮಾತಲ್ಲ. ನಗರದ ಮಕ್ಕಳಿಗೆ ಅನ್ಯಾಯವಾಗಿದೆ ಎನ್ನಲು ಕೋರ್ಟು ಎಣಿಸಿದ ಕಾರಣಗಳಲ್ಲಿ ಅದೂ ಒಂದು. 2006ರಲ್ಲಿ ಕೋರ್ಟು, ವರ್ಷಕ್ಕೆ ಕನಿಷ್ಠ 193 ಕೋಟಿ ಡಾಲರ್ ಜಾಸ್ತಿ ಕೊಡಬೇಕು ಅನ್ನುವಲ್ಲಿಗೆ ಮುಗಿಸಿತು. 2007ರಲ್ಲಿ ರಾಜ್ಯ 'ಫೌಂಡೇಶನ್ ಏಡ್' ಎಂಬ ಹೊಸ ಅನುದಾನದ ಸೂತ್ರ ತಂದಿತು. ಬಡ ಮಕ್ಕಳು, ಇಂಗ್ಲಿಷ್ ಬಾರದ ಮಕ್ಕಳು ಜಾಸ್ತಿ ಇರುವ ಕಡೆಗೆ ಜಾಸ್ತಿ ದುಡ್ಡು, ಹೀಗೆ. ಜೊತೆಗೆ ನಗರ ಕ್ಲಾಸುಗಳನ್ನು ಚಿಕ್ಕದು ಮಾಡುವ ಯೋಜನೆ ಕೊಡಬೇಕು ಎಂದೂ ಸೇರಿಸಿತು. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ 2008ರ ಆರ್ಥಿಕ ಕುಸಿತ ಬಂತು. ಅನುದಾನ ನಿಂತಲ್ಲೇ ನಿಂತಿತು. ಕ್ಲಾಸುಗಳು ಚಿಕ್ಕದಾಗುವ ಬದಲು ಇನ್ನಷ್ಟು ದೊಡ್ಡದಾದವು.

ಬಾಕಿ ತೀರಿಸಲು ರಾಜ್ಯ ಒಪ್ಪಿದ್ದು 2021ರಲ್ಲಿ. ಮೂರು ವರ್ಷದಲ್ಲಿ ಸೂತ್ರದ ಪೂರ್ತಿ ಮೊತ್ತ ಕೊಡುತ್ತೇವೆ ಎಂದಿತು. ಇದರಿಂದ ನಗರಕ್ಕೆ ವರ್ಷಕ್ಕೆ ಸುಮಾರು 130 ಕೋಟಿ ಡಾಲರ್ ಹೆಚ್ಚುವರಿಯಾಗಿ ಬರುತ್ತದೆ. 'ಆಗಲೇ ಕೊಡಲು ಶುರು ಮಾಡಿದ್ದೇವಲ್ಲ' ಅಂತ ರಾಜ್ಯ ಹೇಳಿದ್ದು ಈ ದುಡ್ಡನ್ನೇ. ನಗರದ ಮಾತೇನೆಂದರೆ, ಅದು ಬಂದ ಹಾಗೇ ಬೇರೆ ಖರ್ಚಿಗೆ ಕರಗಿ ಹೋಗುತ್ತಿದೆ, ಕ್ಲಾಸು ಒಡೆಯಲು ಎತ್ತಿಟ್ಟದ್ದೇನಿಲ್ಲ. ಇಬ್ಬರ ಮಾತೂ ಒಂದು ಮಟ್ಟಿಗೆ ನಿಜ. ಮಗನಿಗೆ ಓದಿಗೆ ಅಂತ ಅಪ್ಪ ಕಳಿಸಿದ ದುಡ್ಡು ಮನೆ ಬಾಡಿಗೆಗೆ ಹೋದ ಹಾಗೆ. ಆದರೂ ನನ್ನ ಒಲವು ರಾಜ್ಯದ ಕಡೆಗೇ ಸ್ವಲ್ಪ ಜಾಸ್ತಿ. ಆ ಕೇಸು ನಡೆದದ್ದೇ ಇದಕ್ಕಾಗಿ, ಅಲ್ವಾ? ಜಾಕ್ಸನ್ ಮುಂದೆ ರಾಜ್ಯದ ಸೆನೆಟರ್ ಆದರು. 2022ರ ಕಾನೂನಿಗೂ ಬೆಂಬಲ ಕೊಟ್ಟರು.

ಅಮೆರಿಕದಲ್ಲಿ ಬಹಳ ಕಡೆ ಶಾಲೆಗಳಿಗೆ ತಮ್ಮದೇ ತೆರಿಗೆ ಹಾಕುವ ಅಧಿಕಾರವಿದೆ. ನ್ಯೂಯಾರ್ಕ್ ರಾಜ್ಯದಲ್ಲೂ ಹೆಚ್ಚಿನ ಊರುಗಳಲ್ಲಿ ಪ್ರತಿ ಮೇ ತಿಂಗಳಲ್ಲಿ ಜನ ಶಾಲೆಯ ಬಜೆಟ್ಟಿಗೆ ವೋಟು ಹಾಕುತ್ತಾರೆ. ಆದರೆ ನ್ಯೂಯಾರ್ಕ್ ಸೇರಿ ಐದು ದೊಡ್ಡ ನಗರಗಳಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಶಾಲೆಗಳ ದುಡ್ಡು ನಗರದ ಬಜೆಟ್ಟಿನ ಒಳಗಿನಿಂದಲೇ ಬರಬೇಕು. ಪೊಲೀಸು, ಕಸ, ಅಗ್ನಿಶಾಮಕ, ವಸತಿ ಎಲ್ಲದರ ಜೊತೆ ಸರದಿಯಲ್ಲಿ ನಿಂತು. ನಗರದ ಶಾಲೆಗಳ ಬಜೆಟ್ ಈಗ ವರ್ಷಕ್ಕೆ 4,000 ಕೋಟಿ ಡಾಲರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ನಗರದ್ದೇ, ಆಮೇಲೆ ರಾಜ್ಯದ್ದು. ಕೇಂದ್ರ ಸರ್ಕಾರದ್ದು ಸಣ್ಣ ಪಾಲು. ಕೋವಿಡ್ ಸಮಯದಲ್ಲಿ ಕೇಂದ್ರ 700 ಕೋಟಿಗೂ ಜಾಸ್ತಿ ಡಾಲರ್ ಕೊಟ್ಟಿತ್ತು. ಅದರ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಕ್ಲಾಸಿನ ಕಾನೂನು ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಆ ನಲ್ಲಿ ಬಂದಾಯಿತು.

ಒಟ್ಟು ಎಷ್ಟು ಬೇಕು? ನಗರದ ಸ್ವತಂತ್ರ ಬಜೆಟ್ ಕಚೇರಿ 2023ರಲ್ಲಿ ಒಂದು ಅಂದಾಜು ಹಾಕಿತು. ಇನ್ನೂ ಸುಮಾರು 17,700 ಶಿಕ್ಷಕರು ಬೇಕು, ವರ್ಷಕ್ಕೆ 160ರಿಂದ 190 ಕೋಟಿ ಡಾಲರ್ ಖರ್ಚು. ಭಾಗಿಸಿ ನೋಡಿದರೆ ಒಬ್ಬ ಶಿಕ್ಷಕರಿಗೆ ವರ್ಷಕ್ಕೆ 90 ಸಾವಿರದಿಂದ 1 ಲಕ್ಷ 7 ಸಾವಿರ ಡಾಲರ್. ಶಾಲಾ ಇಲಾಖೆಯ ಸ್ವಂತ ಅಂದಾಜಿನಲ್ಲಿ ಶಿಕ್ಷಕರ ಸಂಖ್ಯೆ ಇದಕ್ಕಿಂತ ಸಾಕಷ್ಟು ಕಮ್ಮಿ. ಒಂದೇ ಊರು, ಒಂದೇ ಕಾನೂನು, ಇಷ್ಟು ವ್ಯತ್ಯಾಸ ಯಾಕೆ? ಮತ್ತೆ ಆ ನಾಲ್ಕು ಮಕ್ಕಳೇ ಕಾರಣ. ಅವರಿಗೆ ಹೊಸ ಕ್ಲಾಸು ತೆರೆಯುತ್ತೀರೋ, ಪಕ್ಕದ ಶಾಲೆಗೆ ಕಳಿಸುತ್ತೀರೋ, ಅಥವಾ ಮುಂದಿನ ವರ್ಷ 60 ಮಕ್ಕಳನ್ನಷ್ಟೇ ಸೇರಿಸಿಕೊಳ್ಳುತ್ತೀರೋ, ಅದರ ಮೇಲೆ ಮೊತ್ತ ಏರಿಳಿಯುತ್ತದೆ.

ಇನ್ನು ಶಾಲೆಯ ಒಳಗೆ ಬನ್ನಿ. 2007ರಿಂದ ನಗರದಲ್ಲಿ ಇರುವ ಪದ್ಧತಿಯ ಪ್ರಕಾರ ಪ್ರತಿ ಶಾಲೆಗೂ ಒಂದು ಮೂಲ ಮೊತ್ತ, ಆಮೇಲೆ ಮಗುವಿಗೆ ಇಷ್ಟು ಅಂತ ದುಡ್ಡು ಬರುತ್ತದೆ. ಮಗು ಬಡವರ ಮನೆಯದಾದರೆ, ಇಂಗ್ಲಿಷ್ ಕಲಿಯುತ್ತಿದ್ದರೆ, ವಿಶೇಷ ಬೋಧನೆ ಬೇಕಾದರೆ ಇನ್ನಷ್ಟು ಸೇರುತ್ತದೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಪ್ರಿನ್ಸಿಪಾಲರ ಕುರ್ಚಿಯಲ್ಲಿ ಕೂತು ನೋಡಿ. ಒಂದೊಂದು ಮಗು ಜಾಸ್ತಿಯಾದಾಗಲೂ ಶಾಲೆಗೆ ದುಡ್ಡು ಜಾಸ್ತಿ. ಕ್ಲಾಸಿಗೆ 30 ಮಕ್ಕಳನ್ನು ಕೂರಿಸಿದರೆ ಉಳಿದ ದುಡ್ಡಿನಲ್ಲಿ ಒಬ್ಬ ಕೌನ್ಸೆಲರ್, ಒಬ್ಬ ಸಂಗೀತದ ಮೇಷ್ಟ್ರು ಇಟ್ಟುಕೊಳ್ಳಬಹುದು. 20 ಮಕ್ಕಳನ್ನು ಕೂರಿಸಿದರೆ ಆ ದುಡ್ಡು ಪೂರ್ತಿ ಕ್ಲಾಸ್ ಟೀಚರಿಗೇ ಹೋಗುತ್ತದೆ. ಸಾಲದ್ದಕ್ಕೆ, ಹಳಬ ಶಿಕ್ಷಕರ ಸಂಬಳ ಜಾಸ್ತಿ. ಸಂಬಳದ ಲೆಕ್ಕ ಶಾಲೆಯ ಬಜೆಟ್ಟಿನ ಮೇಲೇ ಬೀಳುವುದರಿಂದ ಅನುಭವಿಗಳೇ ತುಂಬಿದ ಶಾಲೆಗೆ ಕೈ ಇನ್ನೂ ಬಿಗಿ. ತಲೆಲೆಕ್ಕದ ಪದ್ಧತಿ ದೊಡ್ಡ ಕ್ಲಾಸಿಗೆ ಸದ್ದಿಲ್ಲದೆ ಬಹುಮಾನ ಕೊಡುತ್ತದೆ. ಕಾನೂನು ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತದೆ. ಇಂಥ ಕಡೆ ಕ್ಲಾಸು ಒಡೆಯುವುದಕ್ಕೇ ಅಂತ ಬೇರೆ ದುಡ್ಡು ಕೊಡದೆ ಯಾವ ಪ್ರಿನ್ಸಿಪಾಲರೂ ಮುಂದೆ ಬರುವುದಿಲ್ಲ. ನಗರಕ್ಕೂ ಇದು ತಿಳಿಯಿತು. 2025ರಲ್ಲಿ ಶಾಲೆಗಳಿಂದಲೇ ಯೋಜನೆ ಕೇಳಿ, ಏಳುನೂರಕ್ಕೂ ಜಾಸ್ತಿ ಶಾಲೆಗಳಲ್ಲಿ ಸುಮಾರು 3,700 ಹೊಸ ಶಿಕ್ಷಕರಿಗೆ ಹಣ ಕೊಡಲು ಒಪ್ಪಿತು.

ಇಲ್ಲಿ ನಮ್ಮ ಕಡೆಯ ಓದುಗರಿಗೆ ಒಂದು ಗೊಂದಲ ಆಗಬಹುದು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಸಂಖ್ಯೆಗಳಿವೆ. ಐದನೇ ಕ್ಲಾಸಿನವರೆಗೆ 60 ಮಕ್ಕಳಿಗೆ ಇಬ್ಬರು, 90ಕ್ಕೆ ಮೂವರು ಶಿಕ್ಷಕರು, ಹೀಗೆ. ಆದರೆ ಅದು ಇಡೀ ಶಾಲೆಯ ಮಕ್ಕಳನ್ನೂ ಶಿಕ್ಷಕರನ್ನೂ ಎಣಿಸಿ ಹೇಳುವ ಅನುಪಾತ. ಹಳ್ಳಿಯ ಶಾಲೆಯಲ್ಲಿ ಐದು ತರಗತಿಯಿಂದ ಸೇರಿ 50 ಮಕ್ಕಳು, ಇಬ್ಬರು ಮೇಷ್ಟ್ರು ಇದ್ದರೆ ಅನುಪಾತ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಒಬ್ಬ ಮೇಷ್ಟ್ರ ಮುಂದೆ ಎರಡು ಮೂರು ತರಗತಿಯವರು ಒಟ್ಟಿಗೆ ಕೂತಿರುತ್ತಾರೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ನ್ಯೂಯಾರ್ಕಿನಲ್ಲೂ ಇಂಥದ್ದೇ ಒಂದು ಕಣ್ಕಟ್ಟು ಇದೆ, ಬೇರೆ ರೀತಿಯಲ್ಲಿ. ವಿಶೇಷ ಬೋಧನೆಯ ಶಿಕ್ಷಕರು, ಒಂದೇ ಕೋಣೆಯಲ್ಲಿ ಜೋಡಿಯಾಗಿ ಪಾಠ ಮಾಡುವವರು ಎಲ್ಲರನ್ನೂ ಸೇರಿಸಿದರೆ ಅನುಪಾತ ಬಹಳ ಕಮ್ಮಿ ಬರುತ್ತದೆ. ಆದರೂ ಕೋಣೆಯಲ್ಲಿ 30 ಮಕ್ಕಳು. ಹಾಗಾಗಿಯೇ ಅಲ್ಲಿನ ಕಾನೂನು ಅನುಪಾತದ ಗೊಡವೆಗೆ ಹೋಗದೆ, ಕೋಣೆಯೊಳಗಿನ ತಲೆ ಎಣಿಸುತ್ತದೆ.

ದುಡ್ಡು ಸಿಕ್ಕಿತು, ಮೇಷ್ಟ್ರೂ ಸಿಕ್ಕರು ಅನ್ನೋಣ. ಕೋಣೆ? ಮಿತಿ ಪಾಲಿಸುವಷ್ಟು ಜಾಗವೇ ಇಲ್ಲದ ಶಾಲೆಗಳು ಸುಮಾರು 500 ಅಂತ ನಗರವೇ ಹೇಳಿದೆ. ನಗರದ ಕ್ವೀನ್ಸ್ ಭಾಗದ ಕರೋನಾ, ಎಲ್ಮ್‌ಹರ್ಸ್ಟ್ ಎಂಬ ಬಡಾವಣೆಗಳಲ್ಲಿ ವಲಸೆ ಬಂದ ಕುಟುಂಬಗಳು ತುಂಬಿವೆ, ಶಾಲೆಗಳೂ ತುಂಬಿವೆ. ಅಲ್ಲೇ ಕ್ವೀನ್ಸಿನ ಫ್ರಾನ್ಸಿಸ್ ಲೂಯಿಸ್ ಹೈಸ್ಕೂಲಿನಲ್ಲಿ 4,000ಕ್ಕೂ ಜಾಸ್ತಿ ಮಕ್ಕಳಿದ್ದಾರೆ. ಶಾಲೆ ಕಟ್ಟುವುದಕ್ಕೇ ಅಂತ ನಗರದಲ್ಲಿ 1988ರಿಂದ ಒಂದು ಪ್ರಾಧಿಕಾರ ಇದೆ. ಆದರೆ ಜಾಗ ಹುಡುಕಿ, ಕೊಂಡು, ಕಟ್ಟಿ, ಮಕ್ಕಳನ್ನು ಕೂರಿಸುವ ಹೊತ್ತಿಗೆ ಒಂದನೇ ಕ್ಲಾಸಿನ ಮಗು ಮಿಡ್ಲ್ ಸ್ಕೂಲಿಗೆ ಹೋಗಿರುತ್ತದೆ. ಈ ಖರ್ಚು ಸಂಬಳದ ಖರ್ಚಿನಿಂದ ಬೇರೆ. ಸಾಲ ಎತ್ತಿ ವರ್ಷಗಟ್ಟಲೆ ತೀರಿಸುವ ಬಂಡವಾಳದ ಬಜೆಟ್ಟಿನಿಂದ ಅದು ಬರುತ್ತದೆ. 2024ರಲ್ಲಿ ಶಾಲೆಗಳ ಮೇಲೆ ಮೇಯರ್ ಹಿಡಿತವನ್ನು ರಾಜ್ಯ ಇನ್ನೆರಡು ವರ್ಷ ಮುಂದುವರಿಸಿತು. ಆಗ, ಕೋಣೆಗಳಿಗೆ ಇನ್ನೂ 200 ಕೋಟಿ ಡಾಲರ್ ಸೇರಿಸಿ ಅಂತ ಷರತ್ತು ಹಾಕಿತು. ಕುರ್ಚಿ ಬೇಕಾದರೆ ಬೆಂಚು ಕೊಡಿ ಅಂದ ಹಾಗೆ.

ಜಾಗವಿಲ್ಲದಿದ್ದರೆ, ಒಂದು ವಿಷಯಕ್ಕೆ ಶಿಕ್ಷಕರೇ ಸಿಗದಿದ್ದರೆ, ಮಕ್ಕಳು ಮಿತಿಮೀರಿ ಬಂದಿದ್ದರೆ, ನಗರಕ್ಕೆ ತೀವ್ರ ಹಣಕಾಸಿನ ಸಂಕಷ್ಟ ಬಂದರೆ ವಿನಾಯಿತಿ ಕೇಳಬಹುದು. ಅದಕ್ಕೆ ಶಾಲೆಗಳ ಮುಖ್ಯಸ್ಥರು ಮಾತ್ರವಲ್ಲ, ಶಿಕ್ಷಕರ ಸಂಘದವರು ಮತ್ತು ಪ್ರಿನ್ಸಿಪಾಲರ ಸಂಘದವರೂ ಒಪ್ಪಬೇಕು.

ಇಷ್ಟೆಲ್ಲ ಮಾಡಿದರೆ ಮಕ್ಕಳು ಜಾಸ್ತಿ ಕಲಿಯುತ್ತಾರಾ? 1985ರಲ್ಲಿ ಟೆನೆಸ್ಸೀ ರಾಜ್ಯ ಇದನ್ನು ಪರೀಕ್ಷೆ ಮಾಡಿಯೇ ನೋಡಿತು. ನಾಲ್ಕು ವರ್ಷ, 11 ಸಾವಿರಕ್ಕೂ ಜಾಸ್ತಿ ಮಕ್ಕಳು. ಚೀಟಿ ಎತ್ತಿದ ಹಾಗೆ ಕೆಲವರನ್ನು 13ರಿಂದ 17 ಮಕ್ಕಳ ಕ್ಲಾಸಿಗೆ, ಕೆಲವರನ್ನು 22ರಿಂದ 25ರ ಕ್ಲಾಸಿಗೆ ಹಾಕಿದರು. ಚಿಕ್ಕ ಕ್ಲಾಸಿನ ಮಕ್ಕಳು ಮುಂದಿದ್ದರು. ಕಪ್ಪು ಜನಾಂಗದ ಮಕ್ಕಳಿಗೆ, ಬಡ ಮಕ್ಕಳಿಗೆ ಲಾಭ ಇನ್ನೂ ಹೆಚ್ಚು. ಆದರೆ ಅಲ್ಲಿ ಪರೀಕ್ಷೆ ಮಾಡಿದ್ದು ಕಿಂಡರ್‌ಗಾರ್ಟನ್‌ನಿಂದ ಮೂರನೇ ಕ್ಲಾಸಿನವರೆಗಿನ ಪುಟ್ಟ ಮಕ್ಕಳನ್ನು. ಹೈಸ್ಕೂಲಿನಲ್ಲಿ 34ನ್ನು 25ಕ್ಕೆ ಇಳಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಅಷ್ಟು ಗಟ್ಟಿ ಪುರಾವೆ ಇಲ್ಲ. ನನ್ನನ್ನು ಕೇಳಿದರೆ ಮೊದಲ ಡಾಲರ್ ಚಿಕ್ಕ ಮಕ್ಕಳ ಕೋಣೆಗೇ ಹೋಗಬೇಕಿತ್ತು.

ಕ್ಯಾಲಿಫೋರ್ನಿಯಾದ್ದು ಇದರ ಇನ್ನೊಂದು ಮುಖ. 1996ರಲ್ಲಿ ಗವರ್ನರ್ ಪೀಟ್ ವಿಲ್ಸನ್ ಕಾಲದಲ್ಲಿ, ಮೂರನೇ ಕ್ಲಾಸಿನವರೆಗೆ 20 ಮಕ್ಕಳಿಗೆ ಇಳಿಸಿದ ಶಾಲೆಗಳಿಗೆ ಮಗುವಿಗೆ 650 ಡಾಲರ್ ಅಂತ ಘೋಷಿಸಿದರು. ದುಡ್ಡಿನ ಆಸೆಗೆ ಇಡೀ ರಾಜ್ಯ ಒಂದೇ ಬೇಸಿಗೆಯಲ್ಲಿ ಟೀಚರುಗಳನ್ನು ಹುಡುಕಿಕೊಂಡು ಹೊರಟಿತು. ಅನುಕೂಲಸ್ಥರ ಬಡಾವಣೆಗಳಲ್ಲಿ ಹೊಸ ಹುದ್ದೆಗಳು ತೆರೆದುಕೊಂಡವು. ಬಡ ಬಡಾವಣೆಯ ಅನುಭವಿ ಟೀಚರುಗಳು ಅಲ್ಲಿಗೆ ಹೋದರು. ಅವರು ಬಿಟ್ಟ ಜಾಗಕ್ಕೆ ತರಬೇತಿ ಮುಗಿಸದವರು ಬಂದರು. ಕ್ಲಾಸು ಚಿಕ್ಕದಾಯಿತು, ಕಲಿಸುವವರು ಕಚ್ಚಾ.

ನ್ಯೂಯಾರ್ಕಿನಲ್ಲೂ ಈ ಭಯ ಇದೆ, ಅದಕ್ಕೆ ಆಧಾರವೂ ಇದೆ. ಬಡ ಮಕ್ಕಳು ಜಾಸ್ತಿ ಇರುವ ಅಲ್ಲಿನ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಮ್ಮಿಯಾಗುತ್ತಾ ಬಂದು, ಕ್ಲಾಸುಗಳು ಈಗಾಗಲೇ ಸ್ವಲ್ಪ ಚಿಕ್ಕವು. ಕಿಕ್ಕಿರಿದಿರುವುದು ಬಹುಪಾಲು ಬೇಡಿಕೆ ಇರುವ ಶಾಲೆಗಳು. ಪ್ರವೇಶ ಪರೀಕ್ಷೆ ಬರೆದು ಹೋಗುವ ಬ್ರೂಕ್ಲಿನ್ ಟೆಕ್, ಸ್ಟಾಯ್ವೆಸಂಟ್ ಥರದವು. ಹಾಗಾದರೆ ಹೊಸ ದುಡ್ಡು ಉಳ್ಳವರ ಕಡೆಗೆ ಹರಿಯುವುದಿಲ್ಲವೇ ಅಂತ ಒಂದು ಗುಂಪು ಕೇಳುತ್ತದೆ. ಇನ್ನೊಂದು ಗುಂಪಿನ ಉತ್ತರ: ಇಡೀ ನಗರದ ಸರ್ಕಾರಿ ಶಾಲೆಗಳ ಹೆಚ್ಚಿನ ಮಕ್ಕಳು ಬಡವರೇ, ದೊಡ್ಡ ಕ್ಲಾಸುಗಳಲ್ಲಿ ಕೂತಿರುವವರಲ್ಲೂ ಅವರೇ ಲಕ್ಷಗಟ್ಟಲೆ. ಬಡ ಶಾಲೆಗಳಿಗೆ ಮೊದಲ ಆದ್ಯತೆ ಅಂತ ಕಾನೂನಿನಲ್ಲೇ ಬರೆದಿದೆ.

ಮೊದಲ ಎರಡು ವರ್ಷ ನಗರಕ್ಕೆ ಬೆವರು ಬರಲಿಲ್ಲ. ಕೋವಿಡ್ ಆದ ಮೇಲೆ ಮಕ್ಕಳ ಸಂಖ್ಯೆ ಇಳಿದಿದ್ದರಿಂದ ನೂರಕ್ಕೆ 20, ನೂರಕ್ಕೆ 40 ಕ್ಲಾಸುಗಳ ಗುರಿ ತಾನಾಗಿಯೇ ಮುಟ್ಟಿತು. ಸುಲಭದ ಕ್ಲಾಸುಗಳೆಲ್ಲ ಮೊದಲೇ ಲೆಕ್ಕಕ್ಕೆ ಬಂದಾಗಿವೆ. ಉಳಿದಿರುವುದು ಕಷ್ಟದವು, ಜಾಗವಿಲ್ಲದವು.

ಅಲ್ಲಿ ಮತ್ತೆ ನಮ್ಮ 64 ಮಕ್ಕಳು ಸಿಗುತ್ತಾರೆ. ಕೋಣೆ ಕಟ್ಟಲಾಗದ ಶಾಲೆಗೆ ಎಲ್ಲಕ್ಕಿಂತ ಅಗ್ಗದ ದಾರಿ ಒಂದಿದೆ: ಮುಂದಿನ ವರ್ಷದಿಂದ 60 ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುವುದು. ಉಳಿದ ನಾಲ್ವರನ್ನು, ಆರೇಳು ಬ್ಲಾಕು ಆಚೆ ಅರ್ಧ ಖಾಲಿ ಇರುವ ಶಾಲೆಗೆ ಕಳಿಸುವುದು. ಅಲ್ಲಿ ಕೋಣೆಯೂ ಇದೆ, ಟೀಚರೂ ಇದ್ದಾರೆ, ಕ್ಲಾಸಿನಲ್ಲಿ 16 ಮಕ್ಕಳು. ಲೆಕ್ಕ ನೋಡಿದರೆ ಎಲ್ಲ ಸರಿ. ಚಿಕ್ಕ ಕ್ಲಾಸು ಬೇಕು ಅಂತ ಸಭೆಯಲ್ಲಿ ಕೈ ಎತ್ತಿದ ಅಪ್ಪ ಅಮ್ಮಂದಿರ ಮುಂದೆ ಈ ಮಾತು ಇಟ್ಟು ನೋಡಿ. ಎಲ್ಲರ ಮೊದಲ ಪ್ರಶ್ನೆ ಒಂದೇ ಇರುತ್ತದೆ: ಆ ನಾಲ್ವರಲ್ಲಿ ನಮ್ಮ ಮಗು ಇದೆಯಾ?